ಮೊದಲು ಜೀವ, ಆಮೇಲೆ ಗಾಜು

ತಮ್ಮಾ, ಮನೆಯಲ್ಲಿ ಉಪ್ಪುನೀರಿನ ಸಣ್ಣ ಟ್ಯಾಂಕ್ ಇಡಬೇಕು, ಅದರಲ್ಲಿ ಎಲ್ಲರ ಮನೆಯಲ್ಲೂ ಕಾಣುವ ಮೀನು ಬೇಡ, ಬೇರೆಯದೇ ಒಂದು ಕಡಲಜೀವ ಇರಬೇಕು ಎಂದು ಬರೆದಿದ್ದೀಯ. ಎಷ್ಟು ಲೀಟರಿನ ಟ್ಯಾಂಕ್ ಸಾಕು, ಯಾವ ಫಿಲ್ಟರ್ ತರಲಿ, ಲೈಟು ಎಷ್ಟು ವ್ಯಾಟಿನದಿರಲಿ ಎಂದೂ ಕೇಳಿದ್ದೀಯ. ಆಸೆ ಒಳ್ಳೆಯದು, ಪ್ರಶ್ನೆಗಳೂ ಸರಿಯೇ. ಆದರೆ ಅವನ್ನು ಕೇಳುವ ಹೊತ್ತು ಇನ್ನೂ ಬಂದಿಲ್ಲ. ಆ ಗಾಜಿನೊಳಗೆ ಬದುಕುವವರು ಯಾರು ಎನ್ನುವುದು ಮೊದಲು ತೀರ್ಮಾನವಾಗಲಿ. ಉಳಿದ ಉತ್ತರಗಳನ್ನೆಲ್ಲ ಆ ಪ್ರಾಣಿಯೇ ಕೊಡುತ್ತದೆ.

ಅಂಗಡಿಗಳಲ್ಲಿ, ಹೋಟೆಲುಗಳಲ್ಲಿ ನೀನು ನೋಡಿರುವುದು ಹತ್ತು ಬಗೆಯ ಮೀನು, ಏಡಿ, ಸಿಗಡಿ ಎಲ್ಲ ಒಟ್ಟಿಗಿರುವ ಟ್ಯಾಂಕ್. ಅಲ್ಲಿ ಚುರುಕಾದದ್ದು ಎಲ್ಲರ ಪಾಲನ್ನೂ ತಿನ್ನುತ್ತದೆ, ನಿಧಾನದ್ದು ಉಪವಾಸ ಬೀಳುತ್ತದೆ, ಅಂಜುಬುರುಕ ಜೀವ ಕಲ್ಲಿನ ಹಿಂದೆ ಅಡಗಿದ್ದು ಅಲ್ಲೇ ಸಾಯುತ್ತದೆ. ಒಂದೇ ಜಾತಿಗೆ, ಅಥವಾ ಕಡಲಲ್ಲೂ ಜೊತೆಯಾಗಿಯೇ ಬಾಳುವ ಎರಡು ಜೀವಗಳಿಗೆ ಮೀಸಲಿಟ್ಟ ಟ್ಯಾಂಕ್‌ನ ರೀತಿಯೇ ಬೇರೆ. ಹವ್ಯಾಸಿಗಳು ಅದನ್ನು ಸ್ಪೀಶೀಸ್ ಟ್ಯಾಂಕ್ ಅನ್ನುತ್ತಾರೆ. ಮರಳು ಎಷ್ಟು ಆಳ, ಕಲ್ಲು ಎಲ್ಲಿ, ನೀರಿನ ಸೆಳೆತ ಎಷ್ಟು, ಊಟ ಯಾವ ಹೊತ್ತಿಗೆ ಎಂಬುದೆಲ್ಲ ಆ ಒಂದು ಜೀವದ ಅಗತ್ಯದಂತೆ ನಡೆಯುತ್ತದೆ. ಹಾಗಾಗಿಯೇ ಅದು ನಾಚಿಕೆ ಬಿಟ್ಟು ತನ್ನ ನಿಜವಾದ ಬದುಕನ್ನು ನಮಗೆ ತೋರಿಸುತ್ತದೆ.

ಈ ದಾರಿ ಹೊಸದೇನಲ್ಲ. ಗಾಜಿನ ತೊಟ್ಟಿಯಲ್ಲಿ ಕಡಲಪ್ರಾಣಿ ಸಾಕಿ ಅಧ್ಯಯನ ಮಾಡುವ ಕೆಲಸ ಶುರುವಾದದ್ದೇ ಒಂದು ವಿಚಿತ್ರ ಪ್ರಾಣಿಯ ಸಲುವಾಗಿ. ಫ್ರಾನ್ಸಿನ ಹಳ್ಳಿಯೊಂದರಲ್ಲಿ ಹುಟ್ಟಿ, ಪ್ಯಾರಿಸ್ಸಿನಲ್ಲಿ ಬಟ್ಟೆ ಹೊಲಿಯುತ್ತಿದ್ದ ಜಾನ್ ವಿಲ್‌ಪ್ರೊ ಪವರ್ ಎಂಬ ಹೆಣ್ಣುಮಗಳು ಮದುವೆಯಾಗಿ ಸಿಸಿಲಿಯ ಮೆಸ್ಸೀನಾಕ್ಕೆ ಹೋದಳು. ಅಲ್ಲಿನ ಕಡಲಲ್ಲಿ ಆರ್ಗೊನಾಟ್ ಎಂಬ ಆಕ್ಟೋಪಸ್ ಜಾತಿಯ ಪ್ರಾಣಿ ಸಿಗುತ್ತಿತ್ತು. ಅದರ ಹೆಣ್ಣು ಕಾಗದದಷ್ಟು ತೆಳುವಾದ ಬಿಳಿ ಚಿಪ್ಪಿನಲ್ಲಿ ಕೂತಿರುತ್ತದೆ. ಆ ಚಿಪ್ಪು ಅದರದೇ, ಅಥವಾ ಸನ್ಯಾಸಿ ಏಡಿಯ ಹಾಗೆ ಬೇರೆಯವರದನ್ನು ಹೊಕ್ಕಿದೆಯೇ ಎಂಬ ವಾದ ಪಂಡಿತರಲ್ಲಿ ಬಹಳ ಕಾಲದಿಂದ ನಡೆದಿತ್ತು. ಜಾನ್ 1832ರ ಹೊತ್ತಿಗೆ ಗಾಜಿನ ತೊಟ್ಟಿ ಮಾಡಿಸಿ, ಕಡಲನೀರು ತುಂಬಿಸಿ, ಆರ್ಗೊನಾಟ್ ಸಾಕಿ ನೋಡಿದಳು. ಮೊಟ್ಟೆಯೊಡೆದು ಬರುವ ಮರಿಗೆ ಚಿಪ್ಪಿರುವುದಿಲ್ಲ, ಆಮೇಲೆ ಅದೇ ಕಟ್ಟಿಕೊಳ್ಳುತ್ತದೆ, ಚಿಪ್ಪು ಒಡೆದರೆ ಅದೇ ದುರಸ್ತಿ ಮಾಡಿಕೊಳ್ಳುತ್ತದೆ ಎಂದು ಸಾಧಿಸಿ ತೋರಿಸಿದಳು. ಒಂದು ಪ್ರಾಣಿ, ಒಂದು ಪ್ರಶ್ನೆ, ಆ ಪ್ರಶ್ನೆಗೆ ತಕ್ಕ ತೊಟ್ಟಿ: ಅವಳ ಕ್ರಮ ಇಷ್ಟೇ. ನಿನ್ನ ಮನೆಯ ಟ್ಯಾಂಕೂ ಇದೇ ಕ್ರಮದಲ್ಲಿ ಹುಟ್ಟಲಿ ಎಂಬುದು ನನ್ನ ಆಸೆ.

ಪ್ರಾಣಿಯನ್ನು ಆರಿಸುವಾಗ ನಾಲ್ಕು ವಿಷಯ ವಿಚಾರಿಸು. ಅದು ಏನು ತಿನ್ನುತ್ತದೆ, ಆ ಊಟ ನಿನ್ನ ಊರಲ್ಲಿ ವರ್ಷವಿಡೀ ಸಿಗುತ್ತದೆಯೇ? ಬೆಳೆದ ಮೇಲೆ ಎಷ್ಟು ದೊಡ್ಡದಾಗುತ್ತದೆ? ಎಷ್ಟು ವರ್ಷ ಬದುಕುತ್ತದೆ? ಅದನ್ನು ಇಟ್ಟುಕೊಳ್ಳಲು ಕಾನೂನಿನಲ್ಲಿ ಅವಕಾಶ ಇದೆಯೇ? ಕೊನೆಯ ಪ್ರಶ್ನೆಯಿಂದಲೇ ಶುರು ಮಾಡೋಣ.

ಕಡಲಕುದುರೆಯ ಮೇಲೆ ಕಣ್ಣಿದ್ದರೆ ಈಗಲೇ ಬಿಟ್ಟುಬಿಡು. ಅದನ್ನೂ ಕಡಲ ಸೌತೆಯನ್ನೂ 2001ರಲ್ಲಿ ನಮ್ಮ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪಟ್ಟಿಗೆ ಸೇರಿಸಿದರು. ಕಲ್ಲುಹವಳವೂ ಆ ರಕ್ಷಣೆಯೊಳಗೇ ಬರುತ್ತದೆ. ಅಂಗಡಿಯವನು "ಏನೂ ಆಗಲ್ಲ ಸರ್, ಎಲ್ಲರೂ ಇಟ್ಟಿದ್ದಾರೆ" ಅಂದರೆ ಆ ಅಂಗಡಿಯ ಮೆಟ್ಟಿಲನ್ನೇ ಇಳಿದು ಬಾ. ಕಾನೂನಿನ ಮಾತು ಹಾಗಿರಲಿ, ಕಡಲಕುದುರೆಗೆ ಜಠರವೇ ಇಲ್ಲ. ತಿಂದದ್ದು ಬೇಗ ಸಾಗಿಹೋಗುವುದರಿಂದ ದಿನಕ್ಕೆ ಹಲವು ಸಲ ಊಟ ಬೇಕು, ಕಡಲಿಂದ ಹಿಡಿದು ತಂದದ್ದು ಜೀವಂತ ಆಹಾರವನ್ನಲ್ಲದೆ ಬೇರೇನೂ ಮುಟ್ಟದೆ ಸೊರಗುವುದೇ ಹೆಚ್ಚು. ಹಾಗೆಯೇ ಆಕ್ಟೋಪಸ್ ಕೂಡ ಬೇಡ. ಅದರ ಬಾಯಿಯ ಕೊಕ್ಕು ತೂರುವಷ್ಟು ಸಂದಿಯಿದ್ದರೆ ಇಡೀ ಮೈ ತೂರಿಸಿ ಹೊರಗೆ ಬರುತ್ತದೆ. ಹೆಚ್ಚಿನ ಜಾತಿಗಳ ಆಯುಸ್ಸೇ ಒಂದೆರಡು ವರ್ಷ. ನೀಲಿ ಉಂಗುರದ ಪುಟ್ಟ ಆಕ್ಟೋಪಸ್ಸಿನ ಕಡಿತಕ್ಕಂತೂ ಪ್ರತಿವಿಷವೇ ಇಲ್ಲ. ಮೂನ್ ಜೆಲ್ಲಿ ಎಂಬ ಲೋಳೆಮೀನು ನೋಡಲು ಚಂದ, ಆದರೆ ಮೂಲೆಗಳಿರುವ ಟ್ಯಾಂಕಿನಲ್ಲಿ ಅದರ ಮೈ ಹರಿದುಹೋಗುತ್ತದೆ. ಅದಕ್ಕೆ ನೀರು ಮೆಲ್ಲಗೆ ಸುತ್ತುತ್ತಲೇ ಇರುವ ದುಂಡನೆಯ ತೊಟ್ಟಿ ಬೇಕು. ಇವೆಲ್ಲ ಮೊದಲ ಟ್ಯಾಂಕಿಗಲ್ಲ.

ಹಾಗಾದರೆ ಏನು ಉಳಿಯಿತು? ಬೇಕಾದಷ್ಟು ಉಳಿದಿದೆ. ಹೆಚ್ಚೆಂದರೆ ಎರಡು ಸೆಂಟಿಮೀಟರ್ ಅಗಲದ ಪಾಂಪಾಂ ಏಡಿ ಎರಡೂ ಇಕ್ಕುಳಗಳಲ್ಲಿ ಒಂದೊಂದು ಕಡಲ ಹೂವನ್ನು (ಸೀ ಅನಿಮೊನಿ ಎಂಬ ಪ್ರಾಣಿ) ಹಿಡಿದು ಓಡಾಡುತ್ತದೆ. ಕುಟುಕುವ ಆ ಹೂವು ಅದಕ್ಕೆ ಆಯುಧವೂ ಹೌದು, ಊಟ ಒರೆಸಿ ತೆಗೆಯುವ ಸಾಧನವೂ ಹೌದು. ಕೆಂಪು ಸಮುದ್ರದ ಏಡಿಗಳ ಮೇಲೆ ಅಧ್ಯಯನ ಮಾಡಿದ ಇಸ್ರೇಲಿನ ಸಂಶೋಧಕರು 2017ರಲ್ಲಿ ಒಂದು ಸೋಜಿಗವನ್ನು ಪ್ರಕಟಿಸಿದರು. ಒಂದು ಹೂವನ್ನು ಕಿತ್ತುಕೊಂಡರೆ ಏಡಿ ಉಳಿದದ್ದನ್ನು ಎಳೆದು ಎರಡಾಗಿ ಹರಿದುಕೊಳ್ಳುತ್ತದೆ, ಎರಡೂ ತುಂಡು ಬೆಳೆದು ಪೂರ್ತಿ ಹೂವಾಗುತ್ತವೆ. ಸದಾ ಬಾಲವನ್ನು ಮೇಲೆತ್ತಿ ಕುಣಿಯುವ, ಒಂದು ಸೆಂಟಿಮೀಟರ್ ಚಿಲ್ಲರೆ ಉದ್ದದ ಥಾರ್ ಸಿಗಡಿಗಳಿವೆ. ಅವನ್ನು ಒಂದೊಂದಾಗಿ ಸಾಕಬಾರದು, ಗುಂಪಿನಲ್ಲೇ ಇಡಬೇಕು. ಕಲ್ಲಿನಂತೆ ಕೂತು ಕಣ್ಣೆವೆ ಮುಚ್ಚುವುದರೊಳಗೆ ತನ್ನಷ್ಟೇ ದೊಡ್ಡ ಮೀನನ್ನು ನುಂಗುವ ಫ್ರಾಗ್‌ಫಿಶ್ ಇದೆ. ಅದಕ್ಕೆ ಸಂಗಾತಿ ಕೊಟ್ಟರೆ ಅದೇ ಊಟವಾಗುತ್ತದೆ, ಆದ್ದರಿಂದ ಒಂಟಿಯಾಗಿಯೇ ಇರಬೇಕು. ಕೈ ಪಳಗಿದ ಮೇಲೆ ಅದರ ಯೋಚನೆ ಮಾಡು.

ಮೊದಲ ಟ್ಯಾಂಕಿಗೆ ನಾನು ಹೇಳುವುದು ಪಿಸ್ತೂಲ್ ಸಿಗಡಿ ಮತ್ತು ಕಾವಲು ಗೋಬಿ ಮೀನಿನ ಜೋಡಿ. ಇಂಡೋ–ಪೆಸಿಫಿಕ್ ಕಡಲಿನ ಮರಳುತಳದಲ್ಲಿ ಇವೆರಡೂ ಒಂದೇ ಬಿಲದಲ್ಲಿ ಸಂಸಾರ ಹೂಡುತ್ತವೆ. ಸಿಗಡಿಗೆ ಅಗೆಯುವುದು ಗೊತ್ತು, ಕಣ್ಣು ಮಾತ್ರ ಮಂದ. ಮೀನಿಗೆ ಕಣ್ಣು ಚುರುಕು, ಅಗೆಯಲು ಬರುವುದಿಲ್ಲ. ಸಿಗಡಿ ಮರಳನ್ನು ಮುಂದಕ್ಕೆ ನೂಕುತ್ತಾ ಬಾಗಿಲಿಗೆ ಬಂದಾಗ ಅದರ ಉದ್ದ ಮೀಸೆಯೊಂದು ಮೀನಿನ ಮೈಗೆ ತಾಗಿಯೇ ಇರುತ್ತದೆ. ಅಪಾಯ ಕಂಡರೆ ಮೀನು ಬಾಲವನ್ನು ಚುರುಕಾಗಿ ಅಲುಗಿಸುತ್ತದೆ, ಸಿಗಡಿ ಆ ಕ್ಷಣವೇ ಒಳಗೆ. ಅಪಾಯ ತೀರಾ ಹತ್ತಿರ ಬಂದರೆ ಮೀನೂ ತಲೆಕೆಳಗಾಗಿ ಬಿಲಕ್ಕೆ ಧುಮುಕುತ್ತದೆ. ಕುರ್ಚಿ ಹಾಕಿಕೊಂಡು ಅರ್ಧ ಗಂಟೆ ಅಲುಗಾಡದೆ ಕೂತರೆ ಇದಷ್ಟನ್ನೂ ಕಣ್ಣಾರೆ ನೋಡಬಹುದು.

ಪಿಸ್ತೂಲು ಎಂಬ ಹೆಸರು ಸುಮ್ಮನೆ ಬಂದದ್ದಲ್ಲ. ಅದರ ಒಂದು ಇಕ್ಕುಳ ಮೈಗೆ ಮೀರಿದಷ್ಟು ದೊಡ್ಡದು. ಅದನ್ನು ಫಟ್ಟನೆ ಮುಚ್ಚಿದಾಗ ನೀರು ಎಷ್ಟು ವೇಗದಲ್ಲಿ ಚಿಮ್ಮುತ್ತದೆಂದರೆ ಅದರ ಹಿಂದೆ ಒಂದು ಗುಳ್ಳೆ ಹುಟ್ಟಿ ಕುಸಿಯುತ್ತದೆ. ನೆದರ್‌ಲ್ಯಾಂಡ್ಸಿನ ಟ್ವೆಂಟೆ ವಿಶ್ವವಿದ್ಯಾಲಯದ ಭೌತವಿಜ್ಞಾನಿಗಳು ಜರ್ಮನಿಯ ಜೀವವಿಜ್ಞಾನಿಗಳ ಜೊತೆ ಸೇರಿ 2000ದಲ್ಲಿ ತೋರಿಸಿಕೊಟ್ಟದ್ದು ಇದನ್ನೇ: ನಮಗೆ ಕೇಳುವ ಸದ್ದು ಇಕ್ಕುಳ ಬಡಿದದ್ದಲ್ಲ, ಗುಳ್ಳೆ ಕುಸಿದದ್ದು. ಮರುವರ್ಷ, ಕುಸಿಯುವ ಗುಳ್ಳೆಯಿಂದ ಕಣ್ಣಿಗೆ ಕಾಣದಷ್ಟು ಕ್ಷಣಿಕವಾದ ಬೆಳಕೂ ಹೊಮ್ಮುತ್ತದೆ ಎಂದು ತೋರಿಸಿದರು. ರಾತ್ರಿ ಟ್ಯಾಂಕ್ ಕಡೆಯಿಂದ ಟಪ್ ಎಂದು ಗಾಜು ಸೀಳಿದಂಥ ಸದ್ದು ಬಂದರೆ ಗಾಬರಿ ಬೀಳಬೇಡ. ನಿನ್ನ ಸಿಗಡಿ ಚೆನ್ನಾಗಿದೆ ಎಂದರ್ಥ.

ಈಗ ಪ್ರಾಣಿ ಗೊತ್ತಾಯಿತಲ್ಲ, ಮನೆ ಕಟ್ಟೋಣ. ಬಿಲ ತೋಡುವ ಜೀವಕ್ಕೆ ಎತ್ತರಕ್ಕಿಂತ ನೆಲ ಮುಖ್ಯ. 60 ಸೆಂಟಿಮೀಟರ್ ಉದ್ದ, 30 ಅಗಲ, 35 ಎತ್ತರದ ಟ್ಯಾಂಕ್ ಈ ಜೋಡಿಗೆ ಸಾಕು. ಮೊದಲು ಕಲ್ಲು, ಆಮೇಲೆ ಮರಳು: ಈ ಅನುಕ್ರಮ ತಪ್ಪಬೇಡ. ಕಲ್ಲುಗಳು ನೇರವಾಗಿ ತಳದ ಗಾಜಿನ ಮೇಲೆ ಭದ್ರವಾಗಿ ಕೂತಿರಲಿ. ಮರಳಿನ ಮೇಲೆ ಕಲ್ಲಿಟ್ಟರೆ ಸಿಗಡಿ ಅಡಿಯಿಂದ ಅಗೆದು, ಕಲ್ಲು ಕುಸಿದು, ಅದೇ ಅದರ ಗೋರಿಯಾಗುತ್ತದೆ. ಹವಳದ ತುಂಡು ಬೇಡ, ಟ್ಯಾಂಕಿಗೆಂದೇ ತಯಾರಿಸಿದ ಕೃತಕ ಕಲ್ಲು ಸಿಗುತ್ತದೆ. ಮರಳು ಏಳೆಂಟು ಸೆಂಟಿಮೀಟರ್ ಆಳ ಇರಲಿ. ಬರೀ ನುಣುಪು ಮರಳಿನಲ್ಲಿ ಬಿಲ ನಿಲ್ಲುವುದಿಲ್ಲ, ಕುಸಿಯುತ್ತಲೇ ಇರುತ್ತದೆ. ಗೋಡೆ ಕಟ್ಟಲು ಸಿಗಡಿಗೆ ಬೇರೆ ಬೇರೆ ಗಾತ್ರದ ಚೂರು ಬೇಕು. ಅಡುಗೆಗೆ ತಂದ ಬಳಚಿನ ಚಿಪ್ಪನ್ನು ಕುದಿಸಿ, ಉಜ್ಜಿ, ಒಣಗಿಸಿ, ಒಡೆದು ಮರಳಿಗೆ ಬೆರೆಸು. ಸಿಗಡಿ ಒಂದೊಂದೇ ಚೂರನ್ನು ಆರಿಸಿ ತಂದು ಬಾಗಿಲ ಬಾಯಿಗೆ ಜೋಡಿಸುವುದನ್ನು ಆಮೇಲೆ ನೋಡುವೆಯಂತೆ. ಮೇಲೆ ಸಂದಿಯಿಲ್ಲದ ಮುಚ್ಚಳವಾಗಿ ಬಲೆ ಬೇಕೇಬೇಕು, ಏಕೆಂದರೆ ಗೋಬಿ ಬೆದರಿದರೆ ಹಾರುತ್ತದೆ. ನೀರು, ಮರಳು, ಕಲ್ಲು ಸೇರಿ ಇದರ ತೂಕ 80 ಕಿಲೋ ದಾಟುತ್ತದೆ, ಪುಸ್ತಕದ ಕಪಾಟಿನ ಮೇಲೆ ಇಡಬೇಡ. ವಿದ್ಯುತ್ ವೈರುಗಳು ಪ್ಲಗ್ಗಿಗಿಂತ ಕೆಳಗೆ ಒಮ್ಮೆ ಜೋತುಬಿದ್ದು ಮೇಲೇರಲಿ. ವೈರಿನ ಗುಂಟ ಇಳಿದ ನೀರು ಆ ಬಾಗಿನಲ್ಲೇ ತೊಟ್ಟಿಕ್ಕುತ್ತದೆ, ಪ್ಲಗ್ಗಿಗೆ ಹೋಗುವುದಿಲ್ಲ.

ಇನ್ನು ನೀರು. ಅಡುಗೆ ಉಪ್ಪು ಕರಗಿಸಿದರೆ ಕಡಲನೀರಾಗುವುದಿಲ್ಲ. ಕಡಲಿನಲ್ಲಿ ಲೀಟರಿಗೆ ಸುಮಾರು 35 ಗ್ರಾಂ ಲವಣವಿದೆ, ಅದರಲ್ಲಿ ಮೆಗ್ನೀಸಿಯಂ 1.3 ಗ್ರಾಂನಷ್ಟು, ಕ್ಯಾಲ್ಸಿಯಂ 0.4 ಗ್ರಾಂನಷ್ಟು. ಹೊಸ ಚಿಪ್ಪು ಗಟ್ಟಿಯಾಗಲು ಸಿಗಡಿಗೆ ಆ ಕ್ಯಾಲ್ಸಿಯಂ ಬೇಕು. ಟ್ಯಾಂಕಿಗೆಂದೇ ಮಾರುವ ಮೆರೈನ್ ಸಾಲ್ಟ್ ತಂದು ಆರ್‌ಓ ನೀರಿನಲ್ಲಿ ಕರಗಿಸು. ನಲ್ಲಿಯ ಕ್ಲೋರಿನ್, ಬೋರ್‌ವೆಲ್ ಗಡಸು, ಹಳೆಯ ತಾಮ್ರದ ಪೈಪು ಇವು ಯಾವುವೂ ಒಳಗೆ ಬರಬಾರದು. ತಾಮ್ರವಂತೂ ಸಿಗಡಿ ಏಡಿಗಳಿಗೆ ವಿಷ. ಮೀನಿಗೆ ರೋಗ ಬಂದಾಗ ಅಂಗಡಿಯವರು ಕೊಡುವ ಎಷ್ಟೋ ಔಷಧಿಯಲ್ಲಿ ತಾಮ್ರವೇ ಇರುತ್ತದೆ. ಅದನ್ನು ಈ ಟ್ಯಾಂಕಿಗೆ ಒಂದು ಹನಿಯೂ ಹಾಕಬೇಡ.

ಸಣ್ಣ ಟ್ಯಾಂಕ್ ಸುಲಭ ಎಂದು ನಿನಗೆ ಯಾರೋ ಹೇಳಿದ್ದಾರೆ. ಲೆಕ್ಕ ಮಾಡಿ ನೋಡು. ಆರುವುದು ನೀರು ಮಾತ್ರ, ಉಪ್ಪು ಅಲ್ಲೇ ಉಳಿಯುತ್ತದೆ. ಸಾರು ಕುದಿದಷ್ಟೂ ಉಪ್ಪಾಗುವ ಹಾಗೆ. 200 ಲೀಟರ್ ನೀರಿನಲ್ಲಿ ದಿನಕ್ಕೆ ಎರಡು ಲೀಟರ್ ಆರಿದರೆ ವಾರದ ಕೊನೆಗೆ ಲೀಟರಿಗೆ 35 ಗ್ರಾಂ ಇದ್ದ ಉಪ್ಪು 38ರ ಒಳಗೇ ಇರುತ್ತದೆ. 20 ಲೀಟರಿನಲ್ಲಿ ದಿನಕ್ಕೆ ಬರೀ ಅರ್ಧ ಲೀಟರ್ ಆರಿದರೂ ವಾರದಲ್ಲಿ 42 ದಾಟುತ್ತದೆ. ಆ ನೀರಿನಲ್ಲಿ ಸಿಗಡಿ ಬದುಕುವುದು ಕಷ್ಟ. ಗಾಜಿನ ಮೇಲೆ ನೀರಿನ ಮಟ್ಟಕ್ಕೆ ಒಂದು ಗೆರೆ ಎಳೆ. ದಿನಾ ಬೆಳಿಗ್ಗೆ ಆ ಗೆರೆಯವರೆಗೆ ಸಿಹಿ ಆರ್‌ಓ ನೀರು ತುಂಬು, ಉಪ್ಪುನೀರಲ್ಲ. ಉಪ್ಪಿನಂಶ ಅಳೆಯುವ ರಿಫ್ರಾಕ್ಟೋಮೀಟರಿನಲ್ಲಿ ಸಾಪೇಕ್ಷ ಸಾಂದ್ರತೆ 1.025ರ ಆಸುಪಾಸಿನಲ್ಲಿರಲಿ, ಉಷ್ಣತೆ 25ರಿಂದ 27 ಡಿಗ್ರಿಯೊಳಗಿರಲಿ. ಬೇಸಿಗೆಯಲ್ಲಿ ನೀರಿನ ಮೇಲೆ ಹಾಯುವಂತೆ ಸಣ್ಣ ಫ್ಯಾನ್ ಇಟ್ಟರೆ ಒಂದೆರಡು ಡಿಗ್ರಿ ಇಳಿಯುತ್ತದೆ, ಆದರೆ ನೀರು ಇನ್ನೂ ಬೇಗ ಆರುತ್ತದೆ ಎಂಬುದು ನೆನಪಿರಲಿ. ಕರೆಂಟ್ ಹೋದಾಗಿನ ವ್ಯವಸ್ಥೆಯನ್ನೂ ಮೊದಲೇ ಮಾಡಿಕೋ. 25 ಡಿಗ್ರಿಯ ಸಿಹಿನೀರು ಲೀಟರಿಗೆ ಸುಮಾರು 8.2 ಮಿಲಿಗ್ರಾಂ ಆಮ್ಲಜನಕ ಹಿಡಿದಿಟ್ಟುಕೊಂಡರೆ ಕಡಲನೀರು ಹಿಡಿಯುವುದು 6.8ರಷ್ಟು ಮಾತ್ರ. ಪಂಪು ನಿಂತಾಗ ಉಸಿರು ಕಟ್ಟುವುದು ಉಪ್ಪುನೀರಿನಲ್ಲೇ ಬೇಗ. ಬ್ಯಾಟರಿಯ ಏರ್ ಪಂಪ್ ಒಂದು ಮನೆಯಲ್ಲಿ ಸಿದ್ಧವಾಗಿರಬೇಕು.

ನೀರು ತುಂಬಿಸಿದ ದಿನವೇ ಪ್ರಾಣಿ ತರಬಾರದು. ಕಣ್ಣಿಗೆ ಕಾಣದವರು ಮೊದಲು ಬಂದು ನೆಲೆಸಬೇಕು. ಸಿಗಡಿ ಮಾಂಸದ ಸಣ್ಣ ತುಂಡೊಂದನ್ನು ಖಾಲಿ ಟ್ಯಾಂಕಿನಲ್ಲಿ ಕೊಳೆಯಲು ಬಿಡು. ಅಮೋನಿಯಾ ಏರುತ್ತದೆ. ಒಂದು ಬಗೆಯ ಬ್ಯಾಕ್ಟೀರಿಯಾ ಬೆಳೆದು ಅದನ್ನು ನೈಟ್ರೈಟ್ ಮಾಡುತ್ತದೆ, ಇನ್ನೊಂದು ಬಗೆ ಅದನ್ನು ನೈಟ್ರೇಟ್ ಮಾಡುತ್ತದೆ. ಮೊದಲಿನ ಎರಡೂ ವಿಷ, ಮೂರನೆಯದು ಅಷ್ಟು ಕೆಡುಕಿನದಲ್ಲ, ವಾರಕ್ಕೊಮ್ಮೆ ಹತ್ತರಲ್ಲಿ ಒಂದು ಪಾಲು ನೀರು ಬದಲಿಸಿದರೆ ಹತೋಟಿಯಲ್ಲಿರುತ್ತದೆ. ಇದೆಲ್ಲ ಆಗಲು ನಾಲ್ಕರಿಂದ ಆರು ವಾರ ಹಿಡಿಯುತ್ತದೆ. ಟೆಸ್ಟ್ ಕಿಟ್ಟಿನಲ್ಲಿ ಅಮೋನಿಯಾ ಸೊನ್ನೆ, ನೈಟ್ರೈಟ್ ಸೊನ್ನೆ ಎಂದು ಬರುವವರೆಗೆ ಕೈಕಟ್ಟಿ ಕೂರು. ಈ ಹವ್ಯಾಸದಲ್ಲಿ ಹಣ ಕೊಟ್ಟು ಕೊಳ್ಳಲಾಗದ್ದು ಈ ಆರು ವಾರಗಳ ತಾಳ್ಮೆ.

ಪ್ರಾಣಿ ಕೊಳ್ಳುವಾಗ ನಾಚಿಕೆ ಪಡದೆ ಕೇಳು: ಇದು ಎಲ್ಲಿಂದ ಬಂತು, ಸಾಕಿದ್ದೋ ಹಿಡಿದದ್ದೋ? ಉಪ್ಪುನೀರಿನ ಅಲಂಕಾರಿಕ ಪ್ರಾಣಿಗಳಲ್ಲಿ ಹೆಚ್ಚಿನವು ಇಂದಿಗೂ ಕಡಲಿಂದ ಹಿಡಿದು ತಂದವು. ಫಿಲಿಪ್ಪೀನ್ಸಿನಲ್ಲಿ 1960ರ ದಶಕದಿಂದ ಹವಳದ ಸಂದಿಗಳಿಗೆ ಸಯನೈಡ್ ಚಿಮುಕಿಸಿ ಮೀನುಗಳಿಗೆ ಮತ್ತು ಬರಿಸಿ ಹಿಡಿಯುವ ಕೆಟ್ಟ ಪದ್ಧತಿ ಬೆಳೆಯಿತು. ಮೀನೂ ಹಾಳು, ಹವಳವೂ ಹಾಳು. ಇಂಡೋನೇಷ್ಯಾದ ಬಂಗ್ಗಾಯ್ ದ್ವೀಪಗಳ ಕಾರ್ಡಿನಲ್ ಮೀನನ್ನು 1990ರ ದಶಕದಿಂದ ಎಷ್ಟು ಹಿಡಿದರೆಂದರೆ 2007ರಲ್ಲಿ ಅದು ಅಳಿವಿನಂಚಿನ ಪಟ್ಟಿ ಸೇರಿತು. ಆ ಮೀನಿನ ಗಂಡು ಬಾಯಲ್ಲೇ ಮೊಟ್ಟೆಯಿಟ್ಟುಕೊಂಡು ಮರಿಮಾಡುತ್ತದೆ, ಮನೆಯ ಟ್ಯಾಂಕಿನಲ್ಲೇ ಮರಿ ಬೆಳೆಸಬಹುದು. ಅಂದಮೇಲೆ ಕಡಲಿಂದ ಹಿಡಿಯುವ ಅಗತ್ಯವೇನಿತ್ತು? ನಮ್ಮಲ್ಲೂ ಒಳ್ಳೆಯ ದಾರಿ ತೆರೆದಿದೆ. ಲಕ್ಷದ್ವೀಪದ ಅಗತ್ತಿಯಲ್ಲಿ ರಾಷ್ಟ್ರೀಯ ಮೀನು ಆನುವಂಶಿಕ ಸಂಪನ್ಮೂಲ ಬ್ಯೂರೋ ಅಲಂಕಾರಿಕ ಸಿಗಡಿಗಳನ್ನು ಮರಿಮಾಡಿಸಿ, ದ್ವೀಪದ ಹೆಂಗಸರಿಗೆ ಅವನ್ನು ಬೆಳೆಸುವ ತರಬೇತಿ ಕೊಟ್ಟಿದೆ. ಬಾಲ ಕುಣಿಸುವ ಥಾರ್ ಕುಲದ ಒಂದು ಸಿಗಡಿಯೂ ಅದರಲ್ಲಿದೆ. ಸಾಕಿ ಬೆಳೆಸಿದ್ದು ಸಿಗುವಾಗ ನಾಲ್ಕು ಕಾಸು ಹೆಚ್ಚಾದರೂ ಅದನ್ನೇ ಕೊಳ್ಳು. ಕೊಳ್ಳುವ ಮುಂಚೆ ಅಂಗಡಿಯಲ್ಲೇ ಅದು ತಿನ್ನುವುದನ್ನು ಕಣ್ಣಾರೆ ನೋಡು.

ಮನೆಗೆ ತಂದ ಮೇಲೆ ಚೀಲದ ನೀರಿಗೆ ಟ್ಯಾಂಕಿನ ನೀರನ್ನು ಸಣ್ಣ ನಳಿಕೆಯಿಂದ ಹನಿಹನಿಯಾಗಿ ಒಂದು ಗಂಟೆ ಬಿಡು. ಉಪ್ಪಿನ ದಿಢೀರ್ ಏರಿಳಿತವನ್ನು ಸಿಗಡಿ ತಡೆಯುವುದಿಲ್ಲ. ಉಪ್ಪು ಹಾಕದ ಹಸಿ ಸಿಗಡಿ ಮಾಂಸವನ್ನು ಎರಡು ಮೂರು ಮಿಲಿಮೀಟರಿನ ಚೂರು ಮಾಡಿ ಬಿಲದ ಬಾಯಿಗೇ ಕೊಡು, ತಿನ್ನದೆ ಉಳಿದದ್ದನ್ನು ತೆಗೆ. ಒಂದು ದಿನ ಬಿಲದ ಹೊರಗೆ ನಿನ್ನ ಸಿಗಡಿ ಮಗುಚಿ ಬಿದ್ದಿರುವುದು ಕಾಣುತ್ತದೆ. ಆಗ ಹತ್ತಿರ ಬಂದು ನೋಡು. ಅದು ಗಾಜಿನಂತೆ ಪಾರದರ್ಶಕವಾಗಿದ್ದು, ಕಣ್ಣಿನ ಜಾಗ ಬರಿದಾಗಿ, ಬೆನ್ನಿನ ಕವಚ ಹೊಟ್ಟೆಗೆ ಕೂಡುವಲ್ಲಿ ಸೀಳಿದ್ದರೆ ಸತ್ತದ್ದಲ್ಲ, ಪೊರೆ ಕಳಚಿದ್ದು. ಸಿಗಡಿ ಒಳಗೆ ಮೆತ್ತನೆಯ ಮೈಯೊಂದಿಗೆ ಅಡಗಿದೆ. ಹೊಸ ಚಿಪ್ಪು ಗಟ್ಟಿಯಾಗುವವರೆಗೆ ಎರಡು ಮೂರು ದಿನ ಹೊರಗೆ ಬರದಿದ್ದರೆ ಕಲ್ಲೆತ್ತಿ ಹುಡುಕಬೇಡ. ಸುಮ್ಮನಿರುವುದೂ ಸಾಕಣೆಯ ಒಂದು ಭಾಗ.

ಎಂದಾದರೂ ಸಾಕುವುದು ನಿನ್ನಿಂದಾಗದು ಎನಿಸಿದರೆ ಬಲ್ಲವರಿಗೆ ಕೊಡು, ಕಡಲಿಗೆ ಮಾತ್ರ ಬಿಡಬೇಡ. 1985ರಲ್ಲಿ ಫ್ಲೋರಿಡಾ ತೀರದಲ್ಲಿ ಮೊದಲು ಕಂಡ ಲಯನ್‌ಫಿಶ್ ಅಲ್ಲಿಯದಲ್ಲ, ನಮ್ಮ ಕಡೆಯ ಕಡಲಿನದು. ಅಕ್ವೇರಿಯಂಗಳಿಂದ ಹೊರಬಿದ್ದದ್ದು ಇಂದು ಕೆರಿಬಿಯನ್ ಪೂರ್ತಿ ಹಬ್ಬಿ ಅಲ್ಲಿನ ಮರಿಮೀನುಗಳನ್ನು ತಿಂದುಹಾಕುತ್ತಿದೆ.

ಇನ್ನೊಂದು ಮಾತು. ಟ್ಯಾಂಕಿನ ನೀರು ಹದವಾಗುವ ಆ ವಾರಗಳಲ್ಲಿ ಸುಮ್ಮನೆ ಕೂರದೆ ಕಾರವಾರ, ಕುಮಟಾ, ಹೊನ್ನಾವರ ಯಾವುದಾದರೂ ಕಡೆಗೆ ಬಸ್ ಹತ್ತು. ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸಿನ ದೊಡ್ಡ ಇಳಿತದ ಹೊತ್ತಿಗೆ ಬಂಡೆಗಳ ನಡುವಿನ ನೀರಗುಂಡಿಯ ಬಳಿ ಕೂತು ನೋಡು. ಸನ್ಯಾಸಿ ಏಡಿ ಚಿಪ್ಪು ಬದಲಿಸುವುದು, ಕಡಲ ಹೂವು ಮುಟ್ಟಿದರೆ ಮುದುಡುವುದು, ಗೋಬಿಗಳು ಬಂಡೆಯಿಂದ ಬಂಡೆಗೆ ಜಾರುವುದು ಎಲ್ಲ ಅಲ್ಲಿ ಪುಕ್ಕಟೆಯಾಗಿ ಕಲಿಯಬಹುದು. ಕಲ್ಲು ಎತ್ತಿ ನೋಡಿದರೆ ಮೊದಲು ಹೇಗಿತ್ತೋ ಹಾಗೆಯೇ ಇಟ್ಟು ಬಾ. ತಲೆಕೆಳಗಾಗಿ ಬಿಟ್ಟರೆ ಅಡಿಯಲ್ಲಿ ಬದುಕುತ್ತಿದ್ದವು ಬಿಸಿಲಿಗೆ, ಮೇಲಿದ್ದವು ಕತ್ತಲಿಗೆ ಸಾಯುತ್ತವೆ. ಅಲ್ಲಿಂದ ಏನನ್ನೂ ಚೀಲಕ್ಕೆ ಹಾಕಿಕೊಳ್ಳಬೇಡ. ನೋಡಿದ್ದನ್ನು ಬರೆದುಕೊಂಡು ಬಾ.

ಆದ್ದರಿಂದ ಈ ತಿಂಗಳು ನೀನು ಕೊಳ್ಳಬೇಕಾದ್ದು ಒಂದು ರಿಫ್ರಾಕ್ಟೋಮೀಟರ್, ಅಮೋನಿಯಾ ನೈಟ್ರೈಟ್ ಅಳೆಯುವ ಟೆಸ್ಟ್ ಕಿಟ್, ಗೆರೆಯಿರುವ ಒಂದು ನೋಟ್ ಬುಕ್, ಇಷ್ಟೇ. ಮುಂದಿನ ತಿಂಗಳು ಟ್ಯಾಂಕ್, ಮರಳು, ಉಪ್ಪು. ಉಷ್ಣತೆ, ಉಪ್ಪಿನ ಮಟ್ಟ, ತುಂಬಿಸಿದ ನೀರಿನ ಅಳತೆ ಮೂರನ್ನೂ ದಿನಾ ಬರೆ. ಖಾಲಿ ಟ್ಯಾಂಕನ್ನು ಒಂದು ದಿನವೂ ತಪ್ಪದೆ ನೋಡಿಕೊಳ್ಳಲು ಬಂದವನಿಗೆ ಜೀವವಿರುವ ಟ್ಯಾಂಕನ್ನು ಧೈರ್ಯವಾಗಿ ಒಪ್ಪಿಸಬಹುದು. ಆ ಪುಟಗಳನ್ನು ನನಗೆ ಕಳಿಸು. ಸಿಗಡಿಯನ್ನೂ ಗೋಬಿಯನ್ನೂ ಆರಿಸುವಾಗ ನಾನೂ ನಿನ್ನ ಜೊತೆ ಅಂಗಡಿಗೆ ಬರುತ್ತೇನೆ.